ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ಪಟ್ಟಿ ಗ್ಯಾಲಕ್ಸಿ ನೋಡುವ ಬಗೆ

ನಡುವೆ ಉದ್ದನೆಯ ಪಟ್ಟಿ, ಅದರ ಎರಡೂ ತುದಿಯಿಂದ ಹೊರಡುವ ಸುರುಳಿ ತೋಳುಗಳು. ಇಂಥ ಗ್ಯಾಲಕ್ಸಿಯನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಎನ್‌ಜಿಸಿ 1365 (ಎನ್‌ಜಿಸಿ ಎಂಬ ಆಕಾಶಕಾಯಗಳ ಕ್ಯಾಟಲಾಗಿನಲ್ಲಿ ಇದರ ಸಂಖ್ಯೆ). ಫೋರ್ನಾಕ್ಸ್ ತಾರಾಪುಂಜದಲ್ಲಿದೆ, ದೂರ ಸುಮಾರು 6 ಕೋಟಿ ಜ್ಯೋತಿರ್ವರ್ಷ. ಲಂಡನ್ನಿನವರಿಗೆ ಇದು ದಿಗಂತದಿಂದ 3 ಡಿಗ್ರಿಯೂ ಮೇಲೇರುವುದಿಲ್ಲ. ಚಿತ್ರದುರ್ಗದ ಕಡೆ ಒಂದು ಹೊಲದಲ್ಲಿ ನಿಂತರೆ 40 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಇಷ್ಟು ಒಳ್ಳೆಯ ಜಾಗದಲ್ಲಿದ್ದು ನೋಡದೆ ಬಿಡಬಾರದು ಅಲ್ವಾ?

ಡಿಸೆಂಬರ್, ಜನವರಿಯ ಅಮಾವಾಸ್ಯೆ ಆಸುಪಾಸು ಒಳ್ಳೆಯದು. ಜನವರಿ ಮೊದಲಲ್ಲಿ ರಾತ್ರಿ 9ರ ಹೊತ್ತಿಗೆ ಸರಿಯಾಗಿ ದಕ್ಷಿಣಕ್ಕೆ ಬರುತ್ತದೆ. ಊರಿನ ದೀಪದಿಂದ ದೂರ ಹೋಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಮೊಬೈಲ್ ಮುಟ್ಟದೆ ಅರ್ಧ ಗಂಟೆ ಕತ್ತಲಲ್ಲಿರಿ.

ನನ್ನದು ಮೋಟಾರಿಲ್ಲದ 8 ಇಂಚಿನ ಡಾಬ್ಸೋನಿಯನ್, ಅಂದರೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪು. 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 48 ಪಟ್ಟು ದೊಡ್ಡದಾಗಿ, ಸುಮಾರು 1 ಡಿಗ್ರಿ ಆಕಾಶ ಕಾಣುತ್ತದೆ. ಸ್ಟೆಲ್ಲೇರಿಯಂ ಎಂಬ ತಂತ್ರಾಂಶದ ಆಕಾಶ ನಕ್ಷೆ ನೋಡಿಕೊಂಡು ಕೈ ಫೋರ್ನಾಸಿಸ್ (χ, Chi Fornacis) ಎಂಬ ಮೂರು ನಕ್ಷತ್ರಗಳ ಗುಂಪನ್ನು ಹಿಡಿಯಿರಿ. ಅದರಲ್ಲಿ ತೀರಾ ಪೂರ್ವದ್ದನ್ನು ನಡುವೆ ಇಟ್ಟು ಟೆಲಿಸ್ಕೋಪನ್ನು ಅಲುಗಿಸದೆ ಬಿಡಿ. ಭೂಮಿ ತಿರುಗುತ್ತದೆ, ಆಕಾಶ ಸರಿಯುತ್ತದೆ, ಐದೂವರೆ ನಿಮಿಷಕ್ಕೆ ಗ್ಯಾಲಕ್ಸಿ ತಾನೇ ಒಳಗೆ ಬರುತ್ತದೆ. ನಡುವಿಗಿಂತ ಸ್ವಲ್ಪ ದಕ್ಷಿಣಕ್ಕೆ ಹುಡುಕಿ.

ಮೊದಲು ಕಾಣುವುದು ಸಣ್ಣ ಹೊಳೆಯುವ ತಿರುಳು, ಸುತ್ತ ಮಂಕು ಬೆಳಕು. ಫೋಟೋದಲ್ಲಿರುವ ತೋಳುಗಳನ್ನು ತಕ್ಷಣ ಹುಡುಕಬೇಡಿ. ಪಟ್ಟಿ ಹುಡುಕಿ. ಅದು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಮಲಗಿದೆ. ಅಂದರೆ ನಕ್ಷತ್ರಗಳು ಯಾವ ದಿಕ್ಕಿಗೆ ಸರಿಯುತ್ತವೋ ಅದೇ ಗೆರೆಯಲ್ಲಿ ಬೆಳಕು ಉದ್ದವಾಗಿದೆಯೇ ನೋಡಿ. ಮೋಟಾರಿಲ್ಲದಿರುವುದು ಇಲ್ಲಿ ಲಾಭವೇ! ನೇರ ದಿಟ್ಟಿಸಬೇಡಿ, ಪಕ್ಕದ ಖಾಲಿ ಜಾಗ ನೋಡುತ್ತಾ ಗಮನ ಮಾತ್ರ ಗ್ಯಾಲಕ್ಸಿಯ ಮೇಲಿಡಿ. ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಅಲುಗಾಡುವ ಮಂಕು ಬೆಳಕನ್ನು ಕಣ್ಣು ಬೇಗ ಹಿಡಿಯುತ್ತದೆ.

ಪಟ್ಟಿ ಸಿಕ್ಕ ಮೇಲೆ 100 ಪಟ್ಟು ದೊಡ್ಡದಾಗಿ ತೋರಿಸುವ ಐಪೀಸ್ ಹಾಕಿ. ತುದಿಗಳಿಂದ ತೋಳು ಬಾಗುವ ಸುಳಿವು 8 ಇಂಚಿನಲ್ಲಿ ತೀರಾ ಕಪ್ಪು ಆಕಾಶವಿದ್ದರೆ ಮಾತ್ರ. 12 ಇಂಚಿದ್ದರೆ ಜಾಸ್ತಿ ಸುಲಭ. ಅನುಮಾನ ಬಂದರೆ ಈಶಾನ್ಯಕ್ಕೆ ಸುಮಾರು 1 ಡಿಗ್ರಿ ಸರಿದು ಎನ್‌ಜಿಸಿ 1399 ಎಂಬ ಇನ್ನೊಂದು ಗ್ಯಾಲಕ್ಸಿ ನೋಡಿ. ಅದು ಬರೀ ದುಂಡಗಿನ ಬೆಳಕು. ಮತ್ತೆ ಇಲ್ಲಿಗೆ ಬಂದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಕಂಡದ್ದರ ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ, ಸುತ್ತಲಿನ ನಕ್ಷತ್ರಗಳ ಸಮೇತ. 2012ರ ಅಕ್ಟೋಬರಿನಲ್ಲಿ ಈ ಗ್ಯಾಲಕ್ಸಿಯಲ್ಲೊಂದು ಸೂಪರ್‌ನೋವಾ (ಸ್ಫೋಟಿಸುವ ನಕ್ಷತ್ರ) ಸಿಡಿದು ಸಣ್ಣ ಟೆಲಿಸ್ಕೋಪಿಗೂ ಸಿಗುವಷ್ಟು ಹೊಳೆದಿತ್ತು. ಮುಂದಿನದು ಬಂದಾಗ ಹೊಸ ಚುಕ್ಕೆ ಯಾವುದೆಂದು ನಿಮ್ಮ ಚಿತ್ರವೇ ತೋರಿಸುತ್ತದೆ.