ಅದು ಬರೀ ಗ್ಯಾಸ್ ಅಂತ ಯಾರು ಹೇಳಿದ್ದು?

ನಮ್ಮ ದೊಡ್ಡಪ್ಪನಿಗೆ ಹಾರ್ಟ್ ಅಟ್ಯಾಕ್ ಶುರುವಾಗಿದ್ದು ಬೆಳಗಿನ ಜಾವ ನಾಲ್ಕೂವರೆಗೆ. ಆಸ್ಪತ್ರೆ ಸೇರಿದ್ದು ಹತ್ತು ಗಂಟೆಗೆ. ನಡುವಿನ ಐದೂವರೆ ಗಂಟೆಯಲ್ಲಿ ಅವರು ಒಂದು ಲೋಟ ಜೀರಿಗೆ ಕಷಾಯ ಕುಡಿದರು, ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ಸೋಡಾ ತರಿಸಿಕೊಂಡರು, ಬಿಸಿನೀರು ಹುಯ್ದುಕೊಂಡರು, ‘ನಿನ್ನೆ ಬೀಗರ ಊಟ ಜಾಸ್ತಿ ಆಯ್ತು, ಗ್ಯಾಸ್ ಹಿಡ್ಕೊಂಡಿದೆ ಅಷ್ಟೇ’ ಅಂತ ಮನೆಯವರಿಗೆಲ್ಲ ತಾವೇ ಸಮಾಧಾನ ಹೇಳಿದರು. ಬದುಕಿದರು. ಆದರೆ ಹೃದಯದ ಒಂದು ಭಾಗ ಹೋಯಿತು, ಈಗ ಒಂದೇ ಮಹಡಿ ಹತ್ತಲು ಎರಡು ಸಲ ನಿಲ್ಲುತ್ತಾರೆ.

ಒಳಗೆ ಆಗುವುದು ಇಷ್ಟೇ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ, ಸತ್ತದ್ದು ಮತ್ತೆ ಬೆಳೆಯುವುದಿಲ್ಲ.

ಮೊದಲು, ‘ನೋವು’ ಅನ್ನುವ ಪದ ಮರೆತುಬಿಡಿ

‘ಎದೆ ನೋವಿದೆಯಾ?’ ಅಂತ ಕೇಳಿದರೆ ದೊಡ್ಡಪ್ಪ ಇಲ್ಲ ಅನ್ನುತ್ತಿದ್ದರು. ಸುಳ್ಳಲ್ಲ, ಅವರಿಗೆ ಅದು ನೋವು ಅನ್ನಿಸಲೇ ಇಲ್ಲ. ಎದೆ ಮೇಲೆ ರುಬ್ಬುಗುಂಡು ಇಟ್ಟ ಹಾಗೆ, ಹಗ್ಗ ಸುತ್ತಿ ಬಿಗಿದ ಹಾಗೆ, ಉರಿ, ಏನೋ ಸಂಕಟ, ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾಗಿ ‘ಎದೆಯಲ್ಲಿ ಏನನ್ನಿಸುತ್ತಿದೆ?’ ಅಂತ ಕೇಳಿ, ಆಮೇಲೆ ಅವರ ಕೈ ನೋಡಿ. ಒಂದೇ ಬೆರಳಿಟ್ಟು ‘ಇಲ್ಲೇ, ಒತ್ತಿದರೆ ಚುಚ್ಚುತ್ತದೆ’ ಅಂದರೆ ಅದು ಸ್ನಾಯು ಅಥವಾ ಪಕ್ಕೆಲುಬಿನದ್ದೇ ಇರುವ ಸಾಧ್ಯತೆ ಜಾಸ್ತಿ, ಆದರೂ ಖಾತ್ರಿ ಇಲ್ಲ. ಇಡೀ ಅಂಗೈ ಇಟ್ಟೋ, ಮುಷ್ಟಿ ಒತ್ತಿ ಹಿಡಿದೋ ತೋರಿಸಿದರೆ ತಡಮಾಡಬೇಡಿ.

ಎಲ್ಲಿಗೆ ಹರಡುತ್ತಿದೆ ನೋಡಿ

ಎಡಗೈ ಎಲ್ಲರಿಗೂ ಗೊತ್ತು, ಸಿನಿಮಾದಲ್ಲಿ ನೋಡಿದ್ದೇವಲ್ಲ. ಆದರೆ ಬಲಗೈಗೂ ಬರಬಹುದು, ಎರಡೂ ರಟ್ಟೆ ಒಟ್ಟಿಗೆ ಸೆಳೆಯಬಹುದು, ಗಂಟಲು ಹಿಡಿದ ಹಾಗಾಗಬಹುದು, ಕೆಳದವಡೆ ನೋಯಬಹುದು, ಬೆನ್ನಲ್ಲಿ ಎರಡು ಹೆಗಲ ಮೂಳೆಗಳ ನಡುವೆ ಕಾಣಿಸಿಕೊಳ್ಳಬಹುದು, ಎದೆ ಬಿಟ್ಟು ಬರೀ ಹೊಟ್ಟೆಯ ಮೇಲ್ಭಾಗದಲ್ಲೇ ಕೂರಬಹುದು. ದವಡೆಯಿಂದ ಹೊಕ್ಕುಳದವರೆಗೆ ಎಲ್ಲಾದರೂ ಸರಿ, ಹಿಂದೆಂದೂ ಆಗದ ಹಿಡಿತ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ ಹೃದಯದ ಮೇಲೆ ಅನುಮಾನ ಪಡಬೇಕು. ಹೋಗಿ ಬಂದು ಮಾಡಿದರೂ ಅಷ್ಟೇ.

ಜೊತೆಗೆ ಬೆವರು. ಫ್ಯಾನ್ ಕೆಳಗೆ ಕೂತಿದ್ದರೂ ಬನಿಯನ್ ಒದ್ದೆಯಾಗುವ ತಣ್ಣನೆ ಬೆವರು. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಕಡೆಗಣಿಸಬೇಡಿ. ವಾಂತಿ, ತಲೆಸುತ್ತು, ಏದುಸಿರು, ‘ಯಾಕೋ ಭಯ ಆಗ್ತಿದೆ’ ಅನ್ನುವ ಮಾತು, ಇವೂ ಲಕ್ಷಣಗಳೇ.

ಹಾಗಾದರೆ ಗ್ಯಾಸನ್ನೂ ಇದನ್ನೂ ಬೇರೆ ಮಾಡುವುದು ಹೇಗೆ? ಮನೆಯಲ್ಲಿ ಕೂತು ಮಾಡಲು ಆಗುವುದಿಲ್ಲ. ಡಾಕ್ಟರೇ ಇಸಿಜಿ ನೋಡದೆ ಹೇಳುವುದಿಲ್ಲ, ನಾವು ಯಾರು? ತೇಗು ಬಂದು ಸ್ವಲ್ಪ ಹಗುರಾಯಿತು ಅಂತಲೋ, ಆ್ಯಂಟಾಸಿಡ್ ಕುಡಿದ ಮೇಲೆ ಕಡಿಮೆಯಾಯಿತು ಅಂತಲೋ ಹೃದಯದ ತೊಂದರೆ ಅಲ್ಲ ಅಂತ ತೀರ್ಮಾನಿಸಬೇಡಿ.

ನೋವೇ ಇಲ್ಲದವರು

ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ನರಗಳು ಮಂದವಾಗುತ್ತವೆ, ಹೃದಯ ಕೂಗಿಕೊಂಡರೂ ಕೇಳಿಸುವುದಿಲ್ಲ. ವಯಸ್ಸಾದವರಲ್ಲೂ ಹೀಗೇ ಆಗುತ್ತದೆ. ಹೆಂಗಸರಲ್ಲೂ ಎದೆ ಹಿಡಿತವೇ ಮುಖ್ಯ ಲಕ್ಷಣ, ಆದರೆ ಉಸಿರಾಟದ ಕಷ್ಟ, ವಾಕರಿಕೆ, ಬೆನ್ನು ದವಡೆ ನೋವು, ಕಾರಣವಿಲ್ಲದ ಸುಸ್ತು ಅವರಲ್ಲಿ ಜಾಸ್ತಿ. ಹೆಂಗಸು ‘ಸುಸ್ತು’ ಅಂದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ‘ಸ್ವಲ್ಪ ಮಲಗು’ ಅನ್ನುತ್ತಾರೆ, ಸಂಜೆ ಕಾಫಿ ಹೊತ್ತಿಗೆ ಎಬ್ಬಿಸುತ್ತಾರೆ. ನಿನ್ನೆವರೆಗೆ ಬಟ್ಟೆ ಒಣಹಾಕಲು ಟೆರೇಸಿಗೆ ಸುಮ್ನೆ ಹತ್ತಿಹೋಗುತ್ತಿದ್ದ ಅತ್ತೆ ಇವತ್ತು ನಡು ಮೆಟ್ಟಿಲಲ್ಲಿ ಕೂತರೆ ಇಸಿಜಿ ಮಾಡಿಸಿ.

ಕೆಲವರಿಗೆ ದಿನಗಟ್ಟಲೆ ಮೊದಲೇ ಸೂಚನೆ ಸಿಗುತ್ತದೆ. ದಿಬ್ಬ ಹತ್ತುವಾಗ, ನೀರಿನ ಕ್ಯಾನ್ ಎತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಐದು ನಿಮಿಷದಲ್ಲಿ ಬಿಡುತ್ತದೆ. ಬಿಟ್ಟಿತಲ್ಲ ಅಂತ ಮರೆಯುತ್ತೇವೆ. ಡಾಕ್ಟರಿಗೆ ತೋರಿಸಿ. ಅದು ಮೊದಲಿಗಿಂತ ಕಡಿಮೆ ಕೆಲಸಕ್ಕೇ ಬರತೊಡಗಿದರೆ, ಅಥವಾ ಸುಮ್ಮನೆ ಕೂತಾಗಲೂ ಬಂದರೆ, ನಾಳೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮಾತಿಲ್ಲ, ಆಗಲೇ ಹೊರಡಬೇಕು.

ವಯಸ್ಸು ಚಿಕ್ಕದು, ಜಿಮ್‌ಗೆ ಹೋಗುತ್ತೇನೆ ಅನ್ನುವುದೂ ರಕ್ಷಣೆಯಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46 ವರ್ಷ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಜನ ಸಾಲು ನಿಂತರು. ತಪ್ಪಲ್ಲ, ಹೆದರಿಕೆ ಆಗುತ್ತದೆ ಅಲ್ವಾ. ಆದರೆ ನೋವಿಲ್ಲದವರು ಸಾಲಿನಲ್ಲಿ ನಿಂತು, ಎದೆ ಹಿಡಿದವರು ಮನೆಯಲ್ಲಿ ಸೋಡಾ ಕುಡಿಯುತ್ತಾ ಕೂತರೆ ಲೆಕ್ಕ ತಲೆಕೆಳಗಾಯಿತು.

ಅನುಮಾನ ಬಂತು, ಈಗೇನು?

ಕೂರಿಸಿ, ಗೋಡೆಗೆ ಒರಗಿಸಿ. ನಡೆದಾಡಿದರೆ ಸರಿಹೋಗುತ್ತದೆ ಅಂತ ಹಿತ್ತಿಲಲ್ಲಿ ಓಡಾಡಿಸಬೇಡಿ, ಸ್ನಾನ ಬೇಡ, ಮೆಟ್ಟಿಲು ಬೇಡ. 108ಕ್ಕೆ ಫೋನ್ ಮಾಡಿ ‘ಎದೆ ಹಿಡಿತ, ಬೆವರು, ಇಷ್ಟು ಹೊತ್ತಿನಿಂದ’ ಅಂತ ಹೇಳಿ. ಒಬ್ಬರೇ ಇದ್ದರೆ ಬಾಗಿಲ ಚಿಲಕ ತೆಗೆದಿಟ್ಟು ಕೂರಿ. ಆಂಬುಲೆನ್ಸ್ ತಡವಾಗುತ್ತದೆ ಅಂದರೆ ಬೇರೆಯವರು ಕಾರಿನಲ್ಲೋ ಆಟೋದಲ್ಲೋ ಕರೆದುಕೊಂಡು ಹೋಗಲಿ. ಎದೆ ಹಿಡಿದಿರುವುದು ನಿಮಗೇ ಆದರೆ ಗೇರ್ ಹಾಕುವ ಕೈ ನಿಮ್ಮದಾಗಿರಬಾರದು.

ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣಿನ ರಕ್ತಸ್ರಾವ ಇಲ್ಲದಿದ್ದರೆ 300 ಎಂಜಿ ಆಸ್ಪಿರಿನ್ ಕೊಡಬಹುದು. 75ರ ಮಾತ್ರೆಯಾದರೆ ನಾಲ್ಕು. ಇಡಿಯಾಗಿ ನುಂಗಬಾರದು, ಅಗಿದು ನುಂಗಬೇಕು, ಬೇಗ ರಕ್ತಕ್ಕೆ ಸೇರುತ್ತದೆ. ಆದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯವರದ್ದು ಅಂತ ಇಸಿದುಕೊಂಡು ಹಾಕಬೇಡಿ, ಬಿಪಿ ದಿಢೀರನೆ ಇಳಿದು ಬೀಳಬಹುದು. ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆ ಅನ್ನುವ ವಾಟ್ಸ್ಆ್ಯಪ್ ಮೆಸೇಜ್ ಸುಳ್ಳು.

ಮನುಷ್ಯ ಕುಸಿದು, ಕರೆದರೂ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ದರೆ ಹೃದಯವೇ ನಿಂತಿದೆ ಅಂತ ತಿಳಿಯಿರಿ. ಎದೆಯ ನಡುವೆ ಎರಡೂ ಕೈ ಇಟ್ಟು ಐದು ಸೆಂಟಿಮೀಟರ್‌ನಷ್ಟು ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಸಹಾಯ ಬರುವವರೆಗೆ. ನೀರು ಕುಡಿಸಲು ಹೋಗಬೇಡಿ.

ಊರು ದೂರವಾದರೆ ನೇರ ಬೆಂಗಳೂರಿಗೆ ಕಾರು ಓಡಿಸಬೇಡಿ. ಅಪ್ಪು ಹೆಸರಿನ ಸರ್ಕಾರದ ಹೃದಯಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಅದರ ಲಾಭ ಜಾಸ್ತಿ. ಆಮೇಲೆ ಆಂಜಿಯೋಪ್ಲಾಸ್ಟಿಗೆ, ಅಂದರೆ ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆಗೆ, ಮುಂದೆ ಕಳಿಸಬಹುದು.

ಇನ್ನೊಂದು ಮಾತು, ಇದನ್ನು ತುಂಬ ಜನ ತಪ್ಪು ತಿಳಿಯುತ್ತಾರೆ. ಮೊದಲ ಇಸಿಜಿ ನಾರ್ಮಲ್ ಬಂದರೆ ಮುಗಿಯಲಿಲ್ಲ. ನೋವು ಇನ್ನೂ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ಟ್ರೋಪೋನಿನ್ ರಕ್ತ ಪರೀಕ್ಷೆ ಆಗಬೇಕು. ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ವಸ್ತು, ಅದೂ ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು. ಹಳೆಯ ಇಸಿಜಿ ಏನಾದರೂ ಇದ್ದರೆ ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಬದಲಾವಣೆ ಇವತ್ತಿನದ್ದು ಅಂತ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.