ಘಾಟಿ ಏರುವ ಮುನ್ನ ಕಾರಿನ ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಕುಟುಂಬ ಸಮೇತ ಹೊರಡುವವರು, ದಾರಿಯಲ್ಲಿ ಸಿಗುವ ಖಂಬಾಟ್ಕಿ ಘಾಟಿಯಲ್ಲಿ ಕಾರು ಏದುಸಿರು ಬಿಟ್ಟರೆ ಎಂಜಿನ್ನನ್ನು ದೂರುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕೆಂದು ಕೋರುತ್ತೇನೆ. 900 ಕಿಲೋ ತೂಕದ ಕಾರಿಗೆ 90 ಅಶ್ವಶಕ್ತಿಯ ಎಂಜಿನ್ ಇದ್ದರೆ ಟನ್ನಿಗೆ 100 ಅಶ್ವಶಕ್ತಿ ದೊರೆಯುತ್ತದೆ. ಅದೇ ಕಾರಿನಲ್ಲಿ ಐವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಒಟ್ಟು 400 ಕಿಲೋ ಸೇರಿದರೆ ಅದು ಸುಮಾರು 69ಕ್ಕೆ ಇಳಿಯುತ್ತದೆ. (ಊರಿನಿಂದ ಮರಳುವಾಗ ಜೋಳದ ಚೀಲವೂ ಜೊತೆಯಾಗುವುದು ಬೇರೆ ಮಾತು.) ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್ ಮುಖ್ಯವಾಗಿ ಗಾಳಿಯ ತಡೆಯನ್ನು ಎದುರಿಸುವುದರಿಂದ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಆದರೆ ಏರಿನಲ್ಲಿ ಹಾಗೂ ಲಾರಿಯನ್ನು ಹಿಂದಿಕ್ಕುವಾಗ ಪ್ರತಿ ಕಿಲೋ ಲೆಕ್ಕಕ್ಕೆ ಬರುತ್ತದೆ. ಕೈಪಿಡಿಯಲ್ಲಿ ನಮೂದಿಸಿದ ಗರಿಷ್ಠ ಶಕ್ತಿ ಎಂಜಿನ್ ಸಾಕಷ್ಟು ವೇಗವಾಗಿ ತಿರುಗುವಾಗ ಮಾತ್ರ ದೊರೆಯುವುದರಿಂದ, ಏರು ಆರಂಭವಾಗುವ ಮೊದಲೇ ಗೇರ್ ಇಳಿಸಿರಿ. ಹಿಂದಿಕ್ಕಲು ಎಂದಿಗಿಂತ ಹೆಚ್ಚು ಖಾಲಿ ರಸ್ತೆ ಬೇಕೆಂಬುದನ್ನೂ ಗಮನದಲ್ಲಿಡಿ. ಹೊಸ ಕಾರು ಕೊಳ್ಳುವವರು ಒಬ್ಬರೇ ಓಡಿಸಿ ನೋಡಿ ತೀರ್ಮಾನಿಸುವುದು ನನ್ನ ಮಟ್ಟಿಗೆ ಸರಿಯಲ್ಲ. ಮನೆಯವರೆಲ್ಲರನ್ನೂ ಕೂರಿಸಿಕೊಂಡು ಪುಣೆ ಬಳಿಯ ಕಾತ್ರಜ್ ಏರನ್ನು ಒಮ್ಮೆ ಹತ್ತಿ ನೋಡಿರಿ.