ಆ್ಯಪ್‌ನಲ್ಲಿ ಡಾಕ್ಟರಿಗೆ ತೋರಿಸುವ ಮುಂಚೆ

ನೆಗಡಿ, ಗಂಟಲು ನೋವು, ಮೈಮೇಲೆ ಗುಳ್ಳೆ. ಇಂಥದ್ದಕ್ಕೆ ಎಷ್ಟೋ ಸಲ ಮೊಬೈಲ್ ಆ್ಯಪ್‌ನಲ್ಲೇ ಡಾಕ್ಟರ ಹತ್ತಿರ ಮಾತಾಡಿದರೆ ಸಾಕಾಗುತ್ತದೆ. ಆದರೆ ಅವರು ಮುಟ್ಟಿ ನೋಡುವ ಹಾಗಿಲ್ಲ ಅಲ್ವಾ? ಅದಕ್ಕೇ ಮೊದಲೇ ಸ್ವಲ್ಪ ತಯಾರಾಗಿರಿ.

ಜ್ವರವಿದ್ದರೆ ಥರ್ಮಾಮೀಟರ್‌ನಲ್ಲಿ ನೋಡಿ, ಎಷ್ಟಿತ್ತು, ಎಷ್ಟು ಹೊತ್ತಿಗೆ ಅಂತ ಬರೆದಿಡಿ. ಗುಳ್ಳೆಯ ಫೋಟೊವನ್ನು ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಒಂದು ಹತ್ತಿರದಿಂದ, ಒಂದು ದೂರದಿಂದ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಕೈ ಎತ್ತಿ ತೋರಿಸಿದರೆ ಬರೀ ಮಸುಕು.

ಈಗಾಗಲೇ ತೆಗೆದುಕೊಂಡ ಮಾತ್ರೆಗಳ ಸ್ಟ್ರಿಪ್ ಕೈಯಲ್ಲೇ ಇರಲಿ. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ. ಅದರ ಮೇಲೆ ಜ್ವರದ ಮಾತ್ರೆಯನ್ನೂ ನುಂಗಿದರೆ ಡೋಸ್ ಜಾಸ್ತಿಯಾಗಿ ಲಿವರ್‌ಗೆ ಪೆಟ್ಟು ಬೀಳಬಹುದು. ಅಲರ್ಜಿ, ಬಸಿರು, ಬಿಪಿ, ಶುಗರ್ ಇದ್ದರೆ ಅವರು ಕೇಳುವ ತನಕ ಕಾಯಬೇಡಿ, ನೀವೇ ಹೇಳಿ.

ಆ್ಯಂಟಿಬಯೋಟಿಕ್ ಬರೆಯಲಿಲ್ಲ ಅಂತ ಸುಮ್ನೆ ಒಂದು ಸ್ಟಾರ್ ಕೊಡಬೇಡಿ ಮಾರಾಯ್ರೆ! ನೆಗಡಿ ಬರುವುದು ವೈರಸ್‌ನಿಂದ, ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಎದೆನೋವು, ಉಸಿರಾಡಲು ಕಷ್ಟ, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ: ಇವುಗಳಿಗೆ ಆ್ಯಪ್ ತೆರೆಯಲೇಬೇಡಿ. ನೇರವಾಗಿ ಆಸ್ಪತ್ರೆಗೆ ಹೊರಡಿ.

ಹಾಂ, ಕಾಲ್ ಮುಗಿಸುವ ಮುಂಚೆ ಇದೊಂದು ಕೇಳಿ: "ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಆಗದಿದ್ದರೆ ಎಲ್ಲಿಗೆ ಹೋಗಲಿ?"